ನಾಲ್ಕನೇ ಒಲೆಯಲ್ಲಿ ಕಬ್ಬಿಣ ಸಿಕ್ಕಿತು

"ಜಂಬಿಟ್ಟಿಗೆ ಕಾಯಿಸಿ ಕತ್ತಿ ಮಾಡ್ತೀಯನಾ ಮಾರಾಯ?" ಮಣ್ಣಿನ ಒಲೆ ಕಟ್ಟಿ ಕಲ್ಲಿನಿಂದ ಕಬ್ಬಿಣ ತೆಗೆಯುತ್ತೇನೆ ಅಂದಾಗ ಅಪ್ಪ ಹೀಗೆ ನಕ್ಕಿದ್ದರು. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಶುರುವಾದಾಗ ಇದ್ದಿಲಿನಲ್ಲೇ ಅದಿರು ಕಾಯಿಸುತ್ತಿದ್ದರು, ಅದಿರು ಕೆಮ್ಮಣ್ಣುಗುಂಡಿಯಿಂದ ಬರುತ್ತಿತ್ತು ಅಂತ ಅವರಿಗೂ ಗೊತ್ತು. ಆದರೆ ಅದು ದೊಡ್ಡವರ ಕೆಲಸ ಅಂತ ವಾದ.

ಮೊದಲನೇ ಸಲ ಅವರು ನಕ್ಕಿದ್ದು ಸರಿಯೇ. ಮನೆ ಹಿಂದಿನ ಧರೆಯ ಜಂಬಿಟ್ಟಿಗೆಯಲ್ಲೂ ಕಬ್ಬಿಣ ಇದೆ, ಆದರೆ ಅಲ್ಯುಮಿನಿಯಂ ಅಂಶ ಜಾಸ್ತಿ, ಕಿಟ್ಟ, ಅಂದರೆ ಅದಿರಿನ ಕಸ ಕರಗಿ ಆಗುವ ರಸ, ಹರಿಯುವುದೇ ಇಲ್ಲ. ಸಂಜೆ ಒಲೆ ಒಡೆದರೆ ಸುಟ್ಟ ಇಟ್ಟಿಗೆಯಂಥ ಮುದ್ದೆ. ಎರಡನೇದು ಮಳೆಗಾಲದ ತಪ್ಪು. ಆಗಸ್ಟ್‌ನಲ್ಲಿ ಹೊಸನಗರದ ಕಡೆ ಬಟ್ಟೆಯೇ ಒಣಗುವುದಿಲ್ಲ, ಮಣ್ಣಿನ ಒಲೆ ಒಣಗುತ್ತಾ? ಬೆಂಕಿ ಹಾಕಿ ಅರ್ಧ ಗಂಟೆಗೆ ಒಂದು ಪಕ್ಕ ಸಿಡಿದು ಬಿತ್ತು. ಮೂರನೇದಕ್ಕೆ ಪುಕ್ಕಟೆ ಅಂತ ಅಡಿಕೆ ಸಿಪ್ಪೆಯ ಇದ್ದಿಲು ಹಾಕಿದೆ. ಅದು ಪುಡಿಯಾಗಿ ಗಾಳಿ ಕಟ್ಟಿತು. ಮೂರೂ ಸೇರಿ ಒಂಬತ್ತು ಸಾವಿರದ ಹತ್ತಿರ ಹೋಯಿತು. ಹೆಂಡತಿಗೆ ಆರು ಅಂತ ಹೇಳಿದ್ದೇನೆ.

ನಾಲ್ಕನೇ ಸಲ ಮೊದಲು ಅದಿರನ್ನು ನೋಡಿಕೊಂಡೆ. ತರೀಕೆರೆ ಕಡೆಯ ನೆಂಟರ ತೋಟದಲ್ಲಿ ಬಾವಿ ತೋಡಿದಾಗ ಎದ್ದ ಕಲ್ಲು, ಕೈಗೆತ್ತಿಕೊಂಡರೆ ಭಾರದಲ್ಲೇ ಗೊತ್ತಾಗುತ್ತದೆ. ಪಿಂಗಾಣಿ ಕಪ್ಪಿನ ತಳದ ಒರಟು ಅಂಚಿಗೆ ಉಜ್ಜಿ ನೋಡಿ. ಕಲ್ಲು ಹೊರಗೆ ಕಪ್ಪಗೆ ಹೊಳೆದರೂ ಗೀರು ಕೆಂಪು ಬಂದರೆ ಹೆಮಟೈಟ್, ಕಪ್ಪು ಬಂದು ಆಯಸ್ಕಾಂತಕ್ಕೆ ಗಟ್ಟಿಯಾಗಿ ಕಚ್ಚಿಕೊಂಡರೆ ಮ್ಯಾಗ್ನಟೈಟ್, ಎರಡೂ ಕಬ್ಬಿಣದ ಅದಿರೇ. ನಾನು ಮೊದಲು ಹೆಂಚಿನ ಚೂರಿಗೆ ಉಜ್ಜಿ ಎಲ್ಲಾ ಕೆಂಪು ಅಂತ ಕುಣಿದಿದ್ದೆ. ಕೆಂಪು ಹೆಂಚಿನದು! ಅಪ್ಪಟ ಹೆಮಟೈಟ್‌ನಲ್ಲಿ ನೂರಕ್ಕೆ 70 ಪಾಲು ಕಬ್ಬಿಣ, ನನ್ನ ಕಲ್ಲಿನಲ್ಲಿ ಅಷ್ಟಿಲ್ಲ, ನಡುವೆ ಬೆಣಚುಕಲ್ಲಿನ ಪಟ್ಟೆ ಇತ್ತು.

ಒಂದು ರಾತ್ರಿ ಸೌದೆ ಬೆಂಕಿಯಲ್ಲಿ ಹುರಿದೆ. ಕಲ್ಲು ಬಿರುಕು ಬಿಡುತ್ತದೆ, ಮೊದಲು ಆಯಸ್ಕಾಂತವನ್ನು ಕ್ಯಾರೇ ಅನ್ನದ ಹೆಮಟೈಟ್ ಆ ಹೊಗೆಯಲ್ಲಿ ಅಷ್ಟಿಷ್ಟು ಮ್ಯಾಗ್ನಟೈಟ್ ಆಗಿ ಅಂಟಿಕೊಳ್ಳುತ್ತದೆ. ಕಡಲೆಕಾಳಿನಷ್ಟು ಕುಟ್ಟಿ, ಹಳೇ ಸ್ಪೀಕರಿನ ಆಯಸ್ಕಾಂತದಲ್ಲಿ ಆರಿಸಿದೆ. ಹನ್ನೆರಡು ಕೆಜಿ ಸಿಕ್ಕಿರಬೇಕು.

ಕುಂಸಿ ಕಡೆಯಿಂದ ಗೆಳೆಯ ತಂದ ಕರಿಕಲ್ಲನ್ನೂ ಇದೇ ವೇಳೆ ನೋಡಿದೆ. ಮುಟ್ಟಿದರೆ ಕೈಗೆ ಮಸಿ, ಆಯಸ್ಕಾಂತಕ್ಕೆ ಏನೂ ಇಲ್ಲ. ಗಾಯಕ್ಕೆ ಹಾಕುವ ಪೆರಾಕ್ಸೈಡ್ ಬಿಟ್ಟರೆ ನೊರೆನೊರೆ! ಅದು ಕಬ್ಬಿಣದ್ದಲ್ಲ, ಮ್ಯಾಂಗನೀಸ್ ಅದಿರು, ಟಾರ್ಚ್ ಸೆಲ್ಲಿನೊಳಗಿನ ಕರಿಪುಡಿಯ ಜಾತಿ. ಮಡಕೆಗೆ ಕಪ್ಪು ಬಣ್ಣ ಬರುತ್ತದೆ, ಅದರ ಕಥೆ ಇನ್ನೊಮ್ಮೆ. ದೂಳು ಮಾತ್ರ ಮೂಗಿಗೆ ಹೋಗಬಾರದು.

ಒಲೆ ಹುತ್ತದ ಮಣ್ಣು, ಭತ್ತದ ಹೊಟ್ಟಿನದು. ಮೂರಡಿ ಎತ್ತರ, ಒಳಗೆ ಒಂದು ಗೇಣು ಅಗಲ. ಇದ್ದಿಲು ಅಕೇಶಿಯಾದ್ದು, ಇಪ್ಪತ್ತು ಕೆಜಿ ಮೇಲೆಯೇ ಹೋಯಿತು. ಗಾಳಿ ನಳಿಗೆ ಎಷ್ಟು ಓರೆ, ಮಣ್ಣಿಗೆ ಇನ್ನೇನು ಸೇರಿಸಿದೆ ಅಂತ ಕೇಳಬೇಡಿ, ಒಂಬತ್ತು ಸಾವಿರ ಕೊಟ್ಟು ಕಲಿತದ್ದು. ಕಬ್ಬಿಣ ಕರಗಲು 1538 ಡಿಗ್ರಿ ಬೇಕು, ನಮಗೆ ಅದು ಬೇಡ. ಕರಗಬೇಕಾದ್ದು ಕಿಟ್ಟ, ಅದಕ್ಕೆ 1200ರ ಆಸುಪಾಸು ಸಾಕು. ನಾಲ್ಕನೇ ಗಂಟೆಗೆ ಕಿಟ್ಟ ಜೋನಿಬೆಲ್ಲದ ಹಾಗೆ ಬುಡದಿಂದ ಇಳಿಯಿತು. ಅಪ್ಪ ಎಲೆಅಡಿಕೆ ಉಗಿದು ಹತ್ತಿರ ಬಂದರು.

ಒಲೆಯಲ್ಲಿ ಉಳಿದ ಕಬ್ಬಿಣದ ಗಡ್ಡೆ ಎರಡೂಮುಕ್ಕಾಲು ಕೆಜಿ, ಸ್ಪಂಜಿನ ಹಾಗೆ ತೂತುತೂತು. ಬಿಸಿ ಇರುವಾಗಲೇ ಮರದ ಕೊಡತಿಯಲ್ಲಿ ಮೆಲ್ಲಗೆ ಬಡಿಯಬೇಕು, ನಾನು ಸುತ್ತಿಗೆಯಲ್ಲಿ ಜೋರಾಗಿ ಬಡಿದು ಒಂದು ಮೂಲೆ ಪುಡಿ ಮಾಡಿದೆ. ಆಮೇಲೆ ಅಪ್ಪನೇ ಇಕ್ಕಳ ಕಿತ್ತುಕೊಂಡರು. ಏಳೆಂಟು ಸಲ ಕಾಯಿಸಿ ಮಡಿಚಿ ಬಡಿದ ಮೇಲೆ ಒಂದೂವರೆ ಕೆಜಿ ಉಳಿಯಿತು.

ಮೆದು ಕಬ್ಬಿಣ, ಅದೊಂದರಲ್ಲೇ ಹರಿತ ನಿಲ್ಲುವುದಿಲ್ಲ. ಬಾಯಿಗೆ ಲಾರಿ ಸ್ಪ್ರಿಂಗ್ ಪ್ಲೇಟಿನ ಚೂರು ಬೆಸೆದು ಅಡಿಕೆ ಸುಲಿಯುವ ಮೆಟ್ಟುಗತ್ತಿ ಮಾಡಿದೆವು. ಒಬ್ಬರು ಎರಡೂವರೆ ಸಾವಿರಕ್ಕೆ ಕೇಳಿದರು. ಮಾರುವುದಿಲ್ಲ ಅಂದವರು ಅಪ್ಪ.