ಕುಂಟುತ್ತಿದ್ದ ಕೆ4ಎಸ್

ಪೆನ್ಸಿಲ್ವೇನಿಯಾಕ್ಕೆ ಬಂದು ನೆಲೆಸಿದ ಮೇಲೆ ನಾನು ಕೊಂಡ ಮೊದಲ ಹಿತ್ತಾಳೆ ಮಾದರಿ ಇಲ್ಲಿನದೇ ಉಗಿ ರೈಲು ಎಂಜಿನ್ನಿನದು. 1914ರಲ್ಲಿ ಮೊದಲು ಹೊರಬಂದು, 1928ರ ಹೊತ್ತಿಗೆ ಒಟ್ಟು 425 ತಯಾರಾಗಿದ್ದ ಪೆನ್ಸಿಲ್ವೇನಿಯಾ ರೈಲ್‌ರೋಡಿನ ಕೆ4ಎಸ್ ಅದು. ನನ್ನ ಕೈಗೆ ಬಂದದ್ದು ಬಣ್ಣ ಕಾಣದ, ಹಳೆಯ, ಎಚ್‌ಒ ಅಳತೆಯ, ಅಂದರೆ ಮೂಲದ 87ನೇ ಒಂದು ಭಾಗದಷ್ಟಿರುವ ಮಾದರಿ. ಮೂಲದ 80 ಇಂಚಿನ ಚಾಲಕ ಚಕ್ರ ಇದರಲ್ಲಿ 23 ಮಿಲಿಮೀಟರಿಗೆ ತುಸು ಹೆಚ್ಚು.

ಹಳಿಯ ಮೇಲಿಟ್ಟು ವಿದ್ಯುತ್ ಕೊಟ್ಟಾಗ ಅದು ಪ್ರತಿ ಸುತ್ತಿಗೂ ಒಮ್ಮೆ ತಡೆದು, ಕಾಲು ಉಳುಕಿದವರಂತೆ ಮುಂದೆ ಹೋಗುತ್ತಿತ್ತು. ಮೋಟಾರು ಹಳತಾಗಿದೆಯೆಂದು ಹೊಸದನ್ನು ಕೂರಿಸಿ ಹಣ ಕಳೆದುಕೊಂಡ ಮೇಲೆಯೇ ನನಗೆ ಬುದ್ಧಿ ಬಂದದ್ದು. ಇಂಥ ಎಂಜಿನ್ನಿನ ಬಲಗಡೆಯ ಕ್ರ್ಯಾಂಕ್ ಪಿನ್ನಿಗೂ (ರಾಡನ್ನು ಚಕ್ರಕ್ಕೆ ಸೇರಿಸುವ ಗೂಟ) ಎಡಗಡೆಯದಕ್ಕೂ ನಡುವೆ 90 ಡಿಗ್ರಿ ಅಂತರವಿರುತ್ತದೆ. ಒಂದು ಕಡೆಯ ಪಿಸ್ಟನ್ ತುದಿ ಮುಟ್ಟಿ ನಿಂತಾಗ ಇನ್ನೊಂದು ಕಡೆಯದು ತಳ್ಳುತ್ತಿರಬೇಕು ಎಂಬುದಕ್ಕಾಗಿ ಮಾಡಿದ ಏರ್ಪಾಡು ಅದು. ಮಾದರಿಯಲ್ಲಿ ಉಗಿಯಿಲ್ಲ, ಆದರೆ ಚಾಲಕ ಚಕ್ರಗಳ ಮೂರೂ ಅಚ್ಚುಗಳನ್ನು ಸೈಡ್ ರಾಡ್, ಅಂದರೆ ಚಕ್ರಗಳನ್ನು ಹೊರಗಿನಿಂದ ಜೋಡಿಸುವ ಸರಳು, ಒಟ್ಟಿಗೆ ಕಟ್ಟಿಹಾಕಿರುವುದರಿಂದ, ಆ ಕೋನ ಮೂರರಲ್ಲೂ ಒಂದೇ ಆಗಿರದಿದ್ದರೆ ರಾಡು ಸಿಕ್ಕಿಕೊಳ್ಳುತ್ತದೆ.

ಗೇರು ಬಿಡಿಸಿ, ಎರಡೆರಡು ಅಚ್ಚುಗಳಿಗೆ ಮಾತ್ರ ರಾಡು ಹಾಕಿ, ಗಾಜಿನ ಹಲಗೆಯ ಮೇಲೆ ಬೆರಳಿನಿಂದ ತಳ್ಳಿ ನೋಡಿದೆ. ಮೊದಲೆರಡು ಸಲೀಸಾಗಿ ಉರುಳಿದವು. ಮೂರನೆಯದು ಸೇರಿದೊಡನೆ ಬಿಗಿಯಿತು. ಅದರ ಒಂದು ಚಕ್ರವನ್ನು ಅಚ್ಚಿನ ಮೇಲೆ ಕೂದಲೆಳೆಯಷ್ಟು ತಿರುಗಿಸುವುದು, ಮತ್ತೆ ಜೋಡಿಸಿ ತಳ್ಳುವುದು, ಮತ್ತೆ ಬಿಚ್ಚುವುದು, ಹೀಗೆ ಎರಡು ಭಾನುವಾರ ಕಳೆದವು. ಕೆಲವರು ರಾಡಿನ ತೂತನ್ನೇ ದೊಡ್ಡದು ಮಾಡಿ ಪಾರಾಗುತ್ತಾರೆ; ನನ್ನ ಮಟ್ಟಿಗೆ ಅದು ರೋಗ ಬಿಟ್ಟು ನೋವಿಗೆ ಮಾತ್ರ ಮದ್ದು ಕೊಟ್ಟಂತೆ.

ಆಮೇಲಿನ ತೊಂದರೆ ತಿರುವುಗಳದು. ಈ ಮಾದರಿಯಲ್ಲಿ ಎಂಜಿನ್ನಿನ ಚಕ್ರಗಳು ಒಂದು ಹಳಿಯಿಂದಲೂ ಟೆಂಡರಿನವು (ಕಲ್ಲಿದ್ದಲು, ನೀರು ಹೊರುವ ಹಿಂದಿನ ಬಂಡಿಯವು) ಇನ್ನೊಂದರಿಂದಲೂ ವಿದ್ಯುತ್ ಪಡೆಯುವುದರಿಂದ ಎಂಜಿನ್ನಿನ ಹಿತ್ತಾಳೆ ಮೈಯಲ್ಲೆಲ್ಲ ಒಂದು ಹಳಿಯ ವಿದ್ಯುತ್ ಇರುತ್ತದೆ. ಇನ್ನೊಂದು ಹಳಿಯ ಮೇಲಿರುವ ಮುಂದಿನ ಪುಟ್ಟ ಚಕ್ರ ತಿರುವಿನಲ್ಲಿ ಸರಿದು ಸಿಲಿಂಡರಿಗೆ ತಾಗಿದರೆ ಕಿಡಿ ಹಾರಿ ಗಾಡಿ ನಿಲ್ಲುತ್ತಿತ್ತು. ತಾಗುವ ಜಾಗವನ್ನು ಸ್ವಲ್ಪ ಅರದಿಂದ ಉಜ್ಜಿ, ವಿದ್ಯುತ್ ದಾಟದಂತೆ ಹೆಂಡತಿಯನ್ನು ಕೇಳಿ ಪಡೆದ ನೇಲ್ ಪಾಲಿಶನ್ನು ಎರಡು ಪದರ ಬಳಿದೆ.

ಬಣ್ಣ ಕೊನೆಗೆ. ಇದನ್ನು ಕಪ್ಪು ಎಂದುಕೊಳ್ಳುವವರೇ ಹೆಚ್ಚು, ಆದರೆ ಕಂಪನಿ ಬಳಿಯುತ್ತಿದ್ದದ್ದು ಕಪ್ಪಿಗೆ ತೀರ ಹತ್ತಿರದ ಗಾಢ ಹಸಿರು. ಇಲ್ಲೇ ಪೆನ್ಸಿಲ್ವೇನಿಯಾದ ಸ್ಟ್ರಾಸ್‌ಬರ್ಗಿನ ರೈಲು ಸಂಗ್ರಹಾಲಯದಲ್ಲಿರುವ 3750 ಸಂಖ್ಯೆಯ ಕೆ4ಎಸ್ ನೋಡಿ ಬಂದು, ಕಪ್ಪಿಗೆ ಹನಿ ಹನಿಯಾಗಿ ಹಸಿರು ಬೆರೆಸುತ್ತಾ, ಬಿಸಿಲಿಗೆ ಹಿಡಿದಾಗ ಮಾತ್ರ ಹಸಿರೆನಿಸುವಲ್ಲಿಗೆ ನಿಲ್ಲಿಸಿದೆ. ಹೊಗೆಪೆಟ್ಟಿಗೆಗೆ ಗ್ರಾಫೈಟಿನ ಬೂದು, ಮುಂದೆ ಕೀಸ್ಟೋನ್ (ಕಮಾನಿನ ನಡುಗಲ್ಲು) ಆಕಾರದ ಕೆಂಪು ಸಂಖ್ಯಾಫಲಕ.

ಈಗ 22 ಇಂಚು ತ್ರಿಜ್ಯದ ತಿರುವಿನಲ್ಲಿ ಆರು ಬೋಗಿ ಎಳೆಯುತ್ತದೆ. 18 ಇಂಚಿನದರಲ್ಲಿ ಇನ್ನೂ ಹಳಿ ತಪ್ಪುತ್ತದೆ.