ಸೇನಾ ಕಚೇರಿಯಾಗಿದ್ದ ಕಾಲದ ಕಲ್ಲುಮನೆಗೆ ಸುಣ್ಣದ ಗಾರೆ: ನನ್ನ ಅನುಭವ

ನ್ಯೂಯಾರ್ಕ್ ರಾಜ್ಯದ ನ್ಯೂಬರ್ಗ್‌ನಲ್ಲಿ, ಹಡ್ಸನ್ ನದಿಯ ದಂಡೆಯ ಮೇಲೆ ಹ್ಯಾಸ್‌ಬ್ರೂಕ್ ಮನೆತನದ ಕಲ್ಲಿನ ಮನೆ ಇದೆ. 1750ರ ಹೊತ್ತಿಗೆ ಶುರುವಾಗಿ 1770ರಲ್ಲಿ ದೊಡ್ಡದಾದ ಮನೆ. ಜಾರ್ಜ್ ವಾಷಿಂಗ್ಟನ್ 1782ರ ಏಪ್ರಿಲ್‌ನಿಂದ 1783ರ ಆಗಸ್ಟ್‌ವರೆಗೆ ಇಲ್ಲಿಂದಲೇ ಸೈನ್ಯ ನಡೆಸಿದರು. ಅಮೆರಿಕದ ಇಡೀ ಸ್ವಾತಂತ್ರ್ಯ ಯುದ್ಧದಲ್ಲಿ ಬೇರೆ ಯಾವ ಮನೆಯಲ್ಲೂ ಅವರು ಇಷ್ಟು ಕಾಲ ನಿಲ್ಲಲಿಲ್ಲ. 1850ರಲ್ಲಿ ರಾಜ್ಯ ಸರ್ಕಾರ ಇದನ್ನು ಕೊಂಡು ಉಳಿಸಿತು. ಏಳು ಬಾಗಿಲು, ಒಂದೇ ಕಿಟಕಿಯ ನಡುಮನೆಯನ್ನೂ ಪಕ್ಕಗೋಡೆಗಳಿಲ್ಲದ ಡಚ್ ಬೆಂಕಿಗೂಡನ್ನೂ ನೋಡಲು ಜನ ಬರುತ್ತಾರೆ. ಆದರೆ ಇಂಥ ಮನೆ ಉಳಿಯುವುದೂ ಅಳಿಯುವುದೂ ಕಲ್ಲುಗಳ ನಡುವಿನ ಸಂದಿಯಲ್ಲಿ. ಈ ಕಣಿವೆಯ, ಇದೇ ಕಾಲದ ಗೋಡೆಗಳಿಗೆ ನಾನು ಅನುಸರಿಸುವ ಕ್ರಮ ಇಲ್ಲಿದೆ.

ಮೊದಲು ಹುಡುಕಬೇಕಾದದ್ದು ಸಿಮೆಂಟ್. ಹಿಂದಿನ ರಿಪೇರಿಗಳಲ್ಲಿ ಸಂದಿಗೆ ಸಿಮೆಂಟ್ ಮೆತ್ತಿದ್ದರೆ ಗೋಡೆಗೆ ಹೋದ ನೀರು ಹೊರಬರಲು ದಾರಿಯಿಲ್ಲ. ಚಳಿಗಾಲದಲ್ಲಿ ಆ ನೀರು ಹೆಪ್ಪುಗಟ್ಟಿ ಹಿಗ್ಗುತ್ತದೆ, ಕಲ್ಲಿನ ಮುಖ ಚಕ್ಕೆಯಾಗಿ ಏಳುತ್ತದೆ. ಅದಕ್ಕಿಂತ ಕೆಟ್ಟದ್ದು ಕಣ್ಣಿಗೆ ಬೀಳುವುದಿಲ್ಲ: ಗೋಡೆಯೊಳಗೆ ಕೂತ ತೊಲೆಗಳ ತುದಿ ಕೊಳೆಯುತ್ತವೆ. ತೇವ ಅಳೆಯುವ ಮೀಟರನ್ನು ಪ್ರತಿ ತೊಲೆಯ ತುದಿಗೂ ಚುಚ್ಚಿ ನೋಡದೆ ಹೊರಗಿನ ಕೆಲಸ ಶುರು ಮಾಡಬಾರದು. ಗಾರೆ ಯಾವಾಗಲೂ ಕಲ್ಲಿಗಿಂತ ಮೆತ್ತಗಿರಬೇಕು. ಸವೆಯಬೇಕಾದದ್ದು ಗಾರೆ, ಕಲ್ಲಲ್ಲ.

ಹಳೆಯ ಗಾರೆಯ ಮರಳನ್ನು ತಿಳಿಯಲು ಸುಮಾರು 20 ಗ್ರಾಂ ಪುಡಿಯನ್ನು ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಹಾಕುತ್ತೇನೆ. ಆಮ್ಲವನ್ನು ನೀರಿಗೆ ಸುರಿಯಬೇಕು, ನೀರನ್ನು ಆಮ್ಲಕ್ಕೆ ಎಂದೂ ಅಲ್ಲ. ಸುಣ್ಣ ನೊರೆಯೆದ್ದು ಕರಗುತ್ತದೆ, ಮರಳು ಉಳಿಯುತ್ತದೆ. ಅದನ್ನು ತೊಳೆದು ಒಣಗಿಸಿ ಬಣ್ಣ, ಕಾಳಿನ ಗಾತ್ರ ಹೊಂದಿಸಬೇಕು. ಹಳೆಯ ಗಾರೆಯಲ್ಲಿ ಚಿಪ್ಪಿನ ಚೂರು ಇದ್ದರೆ ಅದೂ ಕರಗಿಹೋಗುತ್ತದೆ, ಹಾಗಾಗಿ ಮೊದಲೇ ಭೂತಗನ್ನಡಿಯಲ್ಲಿ ನೋಡಿಕೊಳ್ಳಿ.

ಸಂದಿ ಬಿಡಿಸಲು ಗ್ರೈಂಡರ್ ಬೇಡವೇ ಬೇಡ. ಒಂದು ಸಲ ಕೈ ಜಾರಿದರೆ ಕಲ್ಲಿನ ಅಂಚಿನ ಗೆರೆ ಮತ್ತೆ ಅಳಿಯುವುದಿಲ್ಲ. ಸಂದಿಯ ಅರ್ಧ ಅಗಲಕ್ಕಿಂತ ಕಿರಿದಾದ ಚಾಣ, ಸಣ್ಣ ಸುತ್ತಿಗೆ, ಧೂಳಿಗೆ ಸರಿಯಾದ ಮಾಸ್ಕ್, ಇಷ್ಟು ಸಾಕು. ಆಳ ಸಂದಿಯ ಅಗಲದ ಎರಡರಿಂದ ಎರಡೂವರೆ ಪಟ್ಟು ಇರಲಿ. ಹಲವು ಗೋಡೆಗಳ ಒಳಗೆ ಬರೀ ಜೇಡಿಮಣ್ಣು ಇರುತ್ತದೆ, ಹೊರಮುಖಕ್ಕೆ ಮಾತ್ರ ಸುಣ್ಣ. ಮಣ್ಣು ಕಂಡ ಕೂಡಲೇ ಕೆರೆಯುವುದನ್ನು ನಿಲ್ಲಿಸಿ, ಒತ್ತಡದ ನೀರು ಬಿಡಬೇಡಿ, ಮಣ್ಣು ತೊಳೆದುಹೋಗಿ ಗೋಡೆ ಟೊಳ್ಳಾಗುತ್ತದೆ.

ಮಿಶ್ರಣಕ್ಕೆ ನೀರಿನಲ್ಲಿ ಅರಳಿಸಿ ಚೆನ್ನಾಗಿ ಮಾಗಿಸಿದ ಸುಣ್ಣದ ಮುದ್ದೆ ಒಂದು ಬಕೆಟ್, ಮೂಲೆಮೂಲೆಯಾದ ಕಾಳಿನ ಒಣ ಮರಳು ಮೂರು ಬಕೆಟ್. ನೀರು ಹಾಕುವ ಆಸೆ ಬರುತ್ತದೆ, ಹಾಕಬಾರದು. ಕುಟ್ಟಿ ನಾದುತ್ತಾ ಹೋದರೆ ಸುಣ್ಣವೇ ನೀರು ಬಿಟ್ಟು ಹದಕ್ಕೆ ಬರುತ್ತದೆ. ನಮ್ಮ ಊರಿನ ಹಳೆಯ ಗಾರೆ ಕೆಲಸದವರಿಗೆ ಈ ಮಾತು ಹೇಳಿಕೊಡಬೇಕಾಗಿರಲಿಲ್ಲ. ಒದ್ದೆ ಮರಳು ಬಳಸಿದರೆ ಗಾರೆ ಸಡಿಲವಾಗಿ, ಒಣಗುವಾಗ ಕುಗ್ಗಿ ಕಲ್ಲಿನಿಂದ ಬಿಟ್ಟುಕೊಳ್ಳುತ್ತದೆ.

ಸಂದಿಯನ್ನು ಹಿಂದಿನ ಸಂಜೆ ಒಮ್ಮೆ, ತುಂಬುವ ಮುನ್ನ ಒಮ್ಮೆ ನೆನೆಸುತ್ತೇನೆ. ಕಲ್ಲು ತೇವವಾಗಿರಬೇಕು, ನೀರು ನಿಂತಿರಬಾರದು. ಸಣ್ಣ ಕರಣೆಯಿಂದ ಒಂದು ಪದರಕ್ಕೆ ಕಾಲು ಇಂಚಿನಿಂದ ಅರ್ಧ ಇಂಚಿನಷ್ಟು ಗಾರೆ ಮಾತ್ರ ಒತ್ತಬೇಕು, ಅಗಲ ಸಂದಿಗೆ ಚಕ್ಕೆ ಕಲ್ಲು ಸೇರಿಸಬೇಕು. ಹೆಬ್ಬೆರಳು ಒತ್ತಿದರೆ ಗುರುತು ಬೀಳಬೇಕು, ಗಾರೆ ಬೆರಳಿಗೆ ಅಂಟಬಾರದು. ಮುಂದಿನ ಪದರಕ್ಕೆ ಅದೇ ಸಮಯ. ಕೊನೆಯ ಪದರ ಆ ಹದಕ್ಕೆ ಬಂದಾಗ ಗಟ್ಟಿ ಕುಂಚದ ತುದಿಯಿಂದ ಬಡಿದರೆ ಮೇಲ್ಮೈ ತರಿತರಿಯಾಗುತ್ತದೆ, ಗಾಳಿಯಾಡುತ್ತದೆ. ಕರಣೆಯಿಂದ ನುಣ್ಣಗೆ ತೀಡಿದರೆ ಸುಣ್ಣ ಮೇಲೆ ಬಂದು ಬಿಳಿ ಪೊರೆ ಕಟ್ಟುತ್ತದೆ, ಒಳಗೆ ಹಸಿಯಾಗಿಯೇ ಉಳಿಯುತ್ತದೆ.

ಒದ್ದೆ ಗೋಣಿತಾಟು ಇಳಿಬಿಟ್ಟು ಕನಿಷ್ಠ ಒಂದು ವಾರ ನೀರು ಚಿಮುಕಿಸಬೇಕು. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಸುಣ್ಣ ಕಲ್ಲಾಗಲು ತಿಂಗಳುಗಳೇ ಬೇಕು. ಆದ್ದರಿಂದ ಈ ಕಣಿವೆಯಲ್ಲಿ ಆಗಸ್ಟ್ ಮುಗಿದ ಮೇಲೆ ಹೊಸ ಗೋಡೆಗೆ ಕೈ ಹಾಕುವುದಿಲ್ಲ. ಉಷ್ಣತೆ 5 ಡಿಗ್ರಿಗಿಂತ ಇಳಿದರೆ ಆ ವರ್ಷದ ಕೆಲಸವೇ ಉದುರುತ್ತದೆ.

ಪ್ರತಿ ಗೋಡೆಯಲ್ಲೂ ಗಟ್ಟಿಯಾಗಿ ನಿಂತ ಹಳೆಯ ಗಾರೆಯನ್ನು ಒಂದು ಗೇಣಿನಷ್ಟಾದರೂ ಮುಟ್ಟದೆ ಬಿಟ್ಟು, ಫೋಟೊದಲ್ಲಿ ಗುರುತು ಹಾಕಿಡುತ್ತೇನೆ. ಮಾರ್ಚ್‌ನಲ್ಲಿ ಹಿಮ ಕರಗಿದ ಮೇಲೆ ಅದೇ ಫೋಟೊ ಹಿಡಿದು ಒಂದೊಂದೇ ಸಂದಿ ನೋಡುತ್ತಾ ಹೋಗುವುದು.