ಲ್ಯಾಗ್ ಬೇರೆ, ಟೇರಿಂಗ್ ಬೇರೆ: ನನ್ನ ಪಿಸಿ ಸರಿಮಾಡಿಕೊಂಡ ಅನುಭವ

ರಾತ್ರಿ ಹತ್ತೂಕಾಲು. ವ್ಯಾಲೊರಂಟ್ ಎಂಬ ಆನ್‌ಲೈನ್ ಶೂಟಿಂಗ್ ಗೇಮ್‌ನಲ್ಲಿ ಸ್ಕೋರು 11–11. ನಾನು ಬಾಗಿಲ ಮೂಲೆಯಲ್ಲಿ ಕಾಯುತ್ತಿದ್ದೆ. ಎದುರಾಳಿ ಬಂದ, ಗುರಿ ಅವನ ತಲೆಯ ಮೇಲೇ ಇತ್ತು, ಹೊಡೆದೆ. ಅಷ್ಟರಲ್ಲಿ ಎಲ್ಲವೂ ಅರೆಕ್ಷಣ ನಿಂತುಹೋಯಿತು. ಮತ್ತೆ ಓಡತೊಡಗಿದಾಗ ನಾನು ಸತ್ತು ಬಿದ್ದಿದ್ದೆ. ಹೆಡ್‌ಫೋನಿನಲ್ಲಿ ಗೆಳೆಯರದು ದಿನದ ಮಾತು: "ಲೇ, ಮೊದ್ಲು ಆ ನೆಟ್ ಚೇಂಜ್ ಮಾಡೋ."

ನಾಲ್ಕು ತಿಂಗಳು ಹೀಗೇ ನಡೆಯಿತು. ಇದರ ಜೊತೆಗೆ ಇನ್ನೊಂದು ಕಾಟ ಇತ್ತು. ಮೌಸನ್ನು ಜೋರಾಗಿ ಎಡಕ್ಕೋ ಬಲಕ್ಕೋ ತಿರುಗಿಸಿದರೆ ಚಿತ್ರ ಅಡ್ಡಕ್ಕೆ ಸೀಳಿದ ಹಾಗೆ ಕಾಣುತ್ತಿತ್ತು. ಗೋಡೆಗೆ ಅಂಟಿಸಿದ ಸಿನಿಮಾ ಪೋಸ್ಟರ್‌ನ ಎರಡು ಹಾಳೆ ಸರಿಯಾಗಿ ಕೂಡದಿದ್ದರೆ ಹೀರೋನ ಹಣೆ ಒಂದು ಕಡೆ, ಗಲ್ಲ ಒಂದು ಕಡೆ ಹೋಗಿರುತ್ತದಲ್ವಾ, ಹಾಗೆ. ನೇರ ನಿಂತ ಬಾಗಿಲ ಚೌಕಟ್ಟು ಮಧ್ಯದಲ್ಲಿ ಮುರಿದು, ಮೇಲಿನ ತುಂಡು ಒಂದು ಬೆರಳಿನಷ್ಟು ಪಕ್ಕಕ್ಕೆ ಸರಿದಿರುತ್ತಿತ್ತು.

ನಾನು ಎರಡನ್ನೂ "ಲ್ಯಾಗ್" ಎಂದೇ ಕರೆಯುತ್ತಿದ್ದೆ. ಎರಡಕ್ಕೂ ನೆಟ್ಟೇ ಕಾರಣ ಎಂದುಕೊಂಡು 40 ಎಂಬಿಪಿಎಸ್ ಪ್ಲಾನನ್ನು 100ಕ್ಕೆ ಏರಿಸಿದೆ. ಏನೂ ಬದಲಾಗಲಿಲ್ಲ. ಇಂಥ ಶೂಟಿಂಗ್ ಗೇಮ್ ಆಡಲು ಒಂದೆರಡು ಎಂಬಿಪಿಎಸ್ ಸಾಕು. ಪೈಪು ದಪ್ಪ ಮಾಡಿದ ಮಾತ್ರಕ್ಕೆ ನೀರು ಬೇಗ ಬರುವುದಿಲ್ಲ. ಮುಂದಿನ ತಿಂಗಳು ಮತ್ತೆ 40ಕ್ಕೆ ಇಳಿಸಿದೆ.

ಒಂದು ಭಾನುವಾರ ಮಧ್ಯಾಹ್ನ ಕೂತು ಮಾಡಿದ ಸಣ್ಣ ಪರೀಕ್ಷೆಯಿಂದ ದಾರಿ ಸಿಕ್ಕಿತು. ವೈಫೈ ಪೂರ್ತಿ ಆಫ್ ಮಾಡಿ, ನೆಟ್ ಬೇಡದ ಒಂದು ಹಳೇ ಕಾರ್ ರೇಸಿನ ಗೇಮ್ ಹಾಕಿದೆ. ಕಾರು ತಿರುವಿನಲ್ಲಿ ಹೊರಳಿದಾಗ ಅದೇ ಸೀಳು ಕಾಣಿಸಿತು. ನೆಟ್ ಇಲ್ಲದೆಯೂ ಪರದೆ ಸೀಳುತ್ತಿದೆ ಎಂದರೆ ಅದು ನೆಟ್ಟಿನ ತಪ್ಪಾಗಲು ಸಾಧ್ಯವೇ ಇಲ್ಲ. ಅಲ್ಲಿಂದ ಎರಡನ್ನೂ ಬೇರೆ ಬೇರೆಯಾಗಿ ಹಿಡಿದುಕೊಂಡೆ.

ಮೊದಲು ಸೀಳಿನ ಕಥೆ. ಮಾನಿಟರ್ ತನ್ನ ಪಾಡಿಗೆ ತಾನು ಮೇಲಿನಿಂದ ಕೆಳಕ್ಕೆ ಸಾಲು ಸಾಲಾಗಿ ಚಿತ್ರ ಬರೆಯುತ್ತಿರುತ್ತದೆ. 60 ಹರ್ಟ್ಸ್ ಎಂದರೆ ಸೆಕೆಂಡಿಗೆ 60 ಸಲ, ಒಂದು ಸಲಕ್ಕೆ 16.7 ಮಿಲಿಸೆಕೆಂಡ್. ಗ್ರಾಫಿಕ್ಸ್ ಕಾರ್ಡ್‌ಗೆ ಈ ತಾಳದ ಲೆಕ್ಕ ಇಲ್ಲ. ಮಾನಿಟರ್ ಅರ್ಧ ಬರೆದಿರುವಾಗಲೇ ಅದು ಹೊಸ ಚಿತ್ರ ತಂದು ಕೊಟ್ಟುಬಿಡುತ್ತದೆ. ಮೇಲಿನ ಅರ್ಧ ಹಳೆಯ ಚಿತ್ರ, ಕೆಳಗಿನ ಅರ್ಧ ಹೊಸದು. ಎರಡೂ ಸೇರುವ ಗೆರೆಯೇ ಆ ಸೀಳು. ಇದಕ್ಕೇ ಟೇರಿಂಗ್ ಎನ್ನುವುದು. ನಿಂತ ಚಿತ್ರದಲ್ಲಿ ಇದು ಗೊತ್ತೇ ಆಗುವುದಿಲ್ಲ. ಪಕ್ಕಕ್ಕೆ ತಿರುಗಿದಾಗ ಕಣ್ಣಿಗೆ ಹೊಡೆಯುತ್ತದೆ.

ನನ್ನದು 144 ಹರ್ಟ್ಸ್ ಮಾನಿಟರ್. ಕೊಂಡು ಏಳು ತಿಂಗಳಾಗಿತ್ತು. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಂ, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇ ಎಂದು ಒಳಗೆ ಹೋಗಿ ನೋಡಿದರೆ 60 ಎಂದಿತ್ತು! ಹೊಸ ಮಾನಿಟರ್ ಹಾಕಿದರೂ ವಿಂಡೋಸ್ ಎಷ್ಟೋ ಸಲ 60ರಲ್ಲೇ ಕೂತಿರುತ್ತದೆ, ನಾವೇ ಬದಲಿಸಬೇಕು. ಬದಲಿಸೋಣ ಎಂದರೆ ಪಟ್ಟಿಯಲ್ಲಿ 144 ಇರಲೇ ಇಲ್ಲ. ಹಳೆಯ ಮಾನಿಟರ್‌ನ ಎಚ್‌ಡಿಎಂಐ ಕೇಬಲನ್ನೇ ಇದಕ್ಕೂ ಚುಚ್ಚಿದ್ದೆ. ಡಿಸ್‌ಪ್ಲೇಪೋರ್ಟ್ ಕೇಬಲ್ ಅಟ್ಟದ ಮೇಲಿನ ಡಬ್ಬದಲ್ಲಿ, ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದೆ ಹಾಗೇ ಇತ್ತು. ಅದನ್ನು ತಂದು ಗ್ರಾಫಿಕ್ಸ್ ಕಾರ್ಡ್‌ಗೇ ಚುಚ್ಚಿದೆ. ಮದರ್‌ಬೋರ್ಡ್‌ನ ಕಿಂಡಿಗೆ ಚುಚ್ಚಿ ಒದ್ದಾಡುವವರನ್ನೂ ನೋಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ. ಪಟ್ಟಿಯಲ್ಲಿ 144 ಬಂತು. ಈಗ ಒಂದು ಚಿತ್ರಕ್ಕೆ 7 ಮಿಲಿಸೆಕೆಂಡ್. ಸೀಳು ಪೂರ್ತಿ ಹೋಗಲಿಲ್ಲ, ಆದರೆ ಕಣ್ಣಿಗೆ ಅಷ್ಟಾಗಿ ಚುಚ್ಚುತ್ತಿರಲಿಲ್ಲ.

ಉಳಿದಿದ್ದನ್ನು ಓಡಿಸಲು ಗೇಮ್ ಒಳಗಿನ ವಿ-ಸಿಂಕ್ ಆನ್ ಮಾಡಿದೆ. ಸೀಳು ಮಾಯವಾಯಿತು. ಆದರೆ ಮೌಸ್ ಕೆಸರಿನಲ್ಲಿ ಎಳೆದ ಹಾಗಾಯಿತು. ವಿ-ಸಿಂಕ್ ಮಾಡುವುದು ಇಷ್ಟೇ: ಮಾನಿಟರ್ ಒಂದು ಚಿತ್ರ ಬರೆದು ಮುಗಿಸುವವರೆಗೆ ಮುಂದಿನದನ್ನು ತಡೆದು ನಿಲ್ಲಿಸುತ್ತದೆ. ಕಾರ್ಡ್ ಚಿತ್ರಗಳನ್ನು ಮಾಡಿ ಸಾಲಲ್ಲಿ ಇಟ್ಟುಕೊಂಡು ಕಾಯುತ್ತದೆ. ನಾವು ನೋಡುವುದು ಸ್ವಲ್ಪ ಹಿಂದಿನ ಚಿತ್ರ. ಕಥೆ ಹೇಳುವ ಗೇಮ್‌ಗಳಿಗೆ ಇದು ಪರವಾಗಿಲ್ಲ. ಶೂಟಿಂಗ್ ಗೇಮ್‌ಗೆ ನಾನು ಒಪ್ಪುವುದಿಲ್ಲ.

ನಿಜವಾದ ಪರಿಹಾರ ಎಂದರೆ ಮಾನಿಟರ್‌ಗೇ ಕಾಯಲು ಕಲಿಸುವುದು. ಎನ್‌ವಿಡಿಯಾ 2013ರಲ್ಲಿ ಜಿ-ಸಿಂಕ್ ತಂದಿತು, ಆಮೇಲೆ ಎಎಂಡಿಯ ಫ್ರೀಸಿಂಕ್ ಬಂತು. ಕಾರ್ಡ್ ಚಿತ್ರ ಕೊಟ್ಟಾಗ ಮಾತ್ರ ಮಾನಿಟರ್ ಬರೆಯುತ್ತದೆ, ಹಾಗಾಗಿ ಅರ್ಧಂಬರ್ಧ ಚಿತ್ರದ ಮಾತೇ ಇಲ್ಲ. 2019ರ ಜನವರಿಯಿಂದ ಎನ್‌ವಿಡಿಯಾ ಕಾರ್ಡ್‌ಗಳೂ ಫ್ರೀಸಿಂಕ್ ಮಾನಿಟರ್ ಜೊತೆ ಕೆಲಸ ಮಾಡುತ್ತಿವೆ. ಕಾರ್ಡ್ ಜಿಟಿಎಕ್ಸ್ 10 ಸರಣಿ ಅಥವಾ ಆಮೇಲಿನದಿರಬೇಕು, ನನ್ನಲ್ಲಿರುವಂಥ ಮಾನಿಟರ್‌ಗೆ ಡಿಸ್‌ಪ್ಲೇಪೋರ್ಟ್ ಬೇಕೇ ಬೇಕು. ನನ್ನದು ಜಿಟಿಎಕ್ಸ್ 1650. ಮಾನಿಟರ್‌ನ ಸ್ವಂತ ಮೆನುವಿನಲ್ಲಿ ಫ್ರೀಸಿಂಕ್ ಆನ್ ಮಾಡಿದೆ. ಇದನ್ನು ಎಷ್ಟೋ ಜನ ಮರೆಯುತ್ತಾರೆ. ಆಮೇಲೆ ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಜಿ-ಸಿಂಕ್ ಆನ್, ಅಲ್ಲೇ ವಿ-ಸಿಂಕ್ ಕೂಡ ಆನ್. ಗೇಮ್ ಒಳಗೆ ವಿ-ಸಿಂಕ್ ಆಫ್, ರಿಫ್ಲೆಕ್ಸ್ (ಮೌಸ್ ಒತ್ತಿದ್ದು ಪರದೆಯಲ್ಲಿ ಕಾಣುವವರೆಗಿನ ತಡ ಕಡಿಮೆ ಮಾಡುವ ಎನ್‌ವಿಡಿಯಾ ಸೌಲಭ್ಯ) ಆನ್.

ಇನ್ನೊಂದು ಮಾತು ಮುಖ್ಯ. ಎಫ್‌ಪಿಎಸ್, ಅಂದರೆ ಕಾರ್ಡ್ ಸೆಕೆಂಡಿಗೆ ಮಾಡುವ ಚಿತ್ರಗಳ ಸಂಖ್ಯೆ, 144 ದಾಟಿದರೆ ಮಾನಿಟರ್‌ಗೆ ಹಿಂಬಾಲಿಸಲು ಆಗುವುದಿಲ್ಲ, ಮತ್ತೆ ವಿ-ಸಿಂಕ್‌ನ ಕೆಸರೇ. ಅದಕ್ಕೆ ಎಫ್‌ಪಿಎಸ್‌ಗೆ ಅದಕ್ಕಿಂತ ಸ್ವಲ್ಪ ಕೆಳಗೆ ಬೇಲಿ ಹಾಕಬೇಕು. ರಿಫ್ಲೆಕ್ಸ್ ಇದ್ದರೆ ಅದೇ ಹಾಕುತ್ತದೆ, ನನ್ನ ಪಿಸಿಯಲ್ಲಿ 138ಕ್ಕೆ ನಿಲ್ಲುತ್ತದೆ. ರಿಫ್ಲೆಕ್ಸ್ ಇಲ್ಲದ ಗೇಮ್‌ಗಳಿಗೆ ನಾನೇ 141 ಎಂದು ಹಾಕಿಕೊಂಡಿದ್ದೇನೆ. ಅಂದು ಸಂಜೆ ಅದೇ ಬಾಗಿಲ ಮುಂದೆ ನಿಂತು ಹತ್ತು ನಿಮಿಷ ಸುಮ್ನೆ ಮೌಸ್ ತಿರುಗಿಸಿದೆ. ಚೌಕಟ್ಟು ಒಮ್ಮೆಯೂ ಮುರಿಯಲಿಲ್ಲ. ಅಷ್ಟು ಖುಷಿಯಾಯಿತು.

ನಡುನಡುವೆ ಚಿತ್ರ ತೊದಲುವುದೂ ಇತ್ತು. ಅದು ರ್‍ಯಾಮ್‌ನಿಂದ. 8 ಜಿಬಿಯ ಒಂದೇ ಕಡ್ಡಿ ಇತ್ತು, ಅಂಥದ್ದೇ ಇನ್ನೊಂದು ಹಾಕಿದೆ. ಬಯಾಸ್‌ನಲ್ಲಿ, ಅಂದರೆ ಪಿಸಿ ಶುರುವಾಗುವಾಗಿನ ಸೆಟ್ಟಿಂಗ್ಸ್‌ನಲ್ಲಿ, ಅದನ್ನು ಪೂರ್ತಿ ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿ ಆನ್ ಮಾಡಿದೆ. ಫ್ಯಾನಿನ ಧೂಳು ತೆಗೆದೆ. ಅಲ್ಲಿಗೆ ಅದು ಮುಗಿಯಿತು.

ಇನ್ನು ನಿಜವಾದ ಲ್ಯಾಗ್, ಅಂದರೆ ನೆಟ್ಟಿನಿಂದ ಆಗುವ ತಡ. ಇದು ಜಾಸ್ತಿ ದಿನ ತಿಂದಿತು.

ಗೇಮ್ ಸೆಟ್ಟಿಂಗ್ಸ್‌ನಲ್ಲಿ ಪಿಂಗ್ ಮತ್ತು ಪ್ಯಾಕೆಟ್ ಲಾಸ್ ತೋರಿಸುವ ಗ್ರಾಫ್ ಇದೆ, ಆನ್ ಮಾಡಿಟ್ಟೆ. ಪಿಂಗ್ ಎಂದರೆ ಡೇಟಾ ಹೋಗಿ ಬರಲು ಹಿಡಿಯುವ ಮಿಲಿಸೆಕೆಂಡ್, ಪ್ಯಾಕೆಟ್ ಲಾಸ್ ಎಂದರೆ ದಾರಿಯಲ್ಲೇ ಕಳೆದುಹೋಗುವ ಡೇಟಾ ತುಣುಕು. ಸಾಮಾನ್ಯ ಹೊತ್ತಿನಲ್ಲಿ ಮುಂಬೈ ಸರ್ವರ್‌ಗೆ ಪಿಂಗ್ 28, 30. ಎಫ್‌ಪಿಎಸ್ ನೆಟ್ಟಗಿದ್ದೂ ಆಟ ನಿಂತಾಗೆಲ್ಲ ಪಿಂಗ್ ಗೆರೆ ತೆಂಗಿನ ಮರದಂತೆ ಮೇಲೇರಿರುತ್ತಿತ್ತು. ಆದರೆ ತೊಂದರೆ ಮನೆಯೊಳಗಿದೆಯೋ ಹೊರಗಿದೆಯೋ? ಅದನ್ನು ತಿಳಿಯಲು ಕಮಾಂಡ್ ಪ್ರಾಂಪ್ಟ್ ತೆರೆದು ಎರಡು ಕಿಟಕಿಗಳಲ್ಲಿ ಪಿಂಗ್ ಓಡಲು ಬಿಟ್ಟೆ. ಒಂದು ಮನೆಯ ರೂಟರ್‌ಗೆ, ಅಂದರೆ 192.168.1.1. ಇನ್ನೊಂದು ಹೊರಗಿನ 8.8.8.8ಕ್ಕೆ, ಅದು ಗೂಗಲ್‌ನ ಸರ್ವರ್. ರೂಟರ್ ನನ್ನ ಮನೆಯಲ್ಲೇ ಇರುವುದು, ಮೆಟ್ಟಿಲಿಳಿದರೆ ಸಿಗುತ್ತದೆ. ಆದರೂ ಅದರ ಉತ್ತರ ಹೀಗಿತ್ತು: 3, 2, 4, 2, 118, 3, 2, 96. ಅಂದರೆ ಮಿಲಿಸೆಕೆಂಡುಗಳು ಮನೆಯೊಳಗೇ ಕಳೆದುಹೋಗುತ್ತಿದ್ದವು!

ದಾವಣಗೆರೆಯಲ್ಲಿ ನಮ್ಮದು ಹಳೇ ಮನೆ, ಒಂದೂವರೆ ಅಡಿ ದಪ್ಪದ ಕಲ್ಲಿನ ಗೋಡೆ. ರೂಟರ್ ಕೆಳಗೆ ಹಾಲ್‌ನಲ್ಲಿ, ನನ್ನ ಕೋಣೆ ಮೇಲೆ. 5 ಗಿಗಾಹರ್ಟ್ಸ್ ವೈಫೈ ಅಷ್ಟು ಗೋಡೆ ದಾಟುವುದಿಲ್ಲ. 2.4 ದಾಟುತ್ತದೆ, ಆದರೆ ಅಕ್ಕಪಕ್ಕದ ಹನ್ನೊಂದು ಮನೆಗಳ ವೈಫೈ ಕೂಡ ಅದರಲ್ಲೇ ಕೂಗಾಡುತ್ತಿತ್ತು. ಅಂಗಡಿಯಿಂದ 20 ಮೀಟರ್ ಕ್ಯಾಟ್6 ಕೇಬಲ್ ತಂದೆ. ಮೆಟ್ಟಿಲ ಪಕ್ಕದ ಕಿಟಕಿಯ ಮೂಲಕ ಎಳೆದು, ಗೋಡೆಯುದ್ದಕ್ಕೂ ಕ್ಲಿಪ್ ಹೊಡೆದೆ. ಅಪ್ಪ ಏಣಿ ಹಿಡಿದರು. ರೂಟರ್‌ಗೆ ಪಿಂಗ್ 1ಕ್ಕಿಂತ ಕಡಿಮೆ ಆಯಿತು, ಅಲುಗಾಡಲಿಲ್ಲ.

ಗೆದ್ದೆ ಎಂದುಕೊಂಡೆ. ಮಧ್ಯಾಹ್ನವೆಲ್ಲ ಚೆನ್ನಾಗಿತ್ತು. ರಾತ್ರಿ ಹತ್ತಕ್ಕೆ ಮತ್ತೆ ಶುರು.

ಈಗ ಎರಡು ಕಿಟಕಿಗಳು ಬೇರೆ ಕಥೆ ಹೇಳಿದವು. ರೂಟರ್‌ಗೆ ಪಿಂಗ್ ಸರಿಯಿತ್ತು. ಹೊರಗಿನದು 30ರಿಂದ 280, 310. ಎರಡು ಮೂರು ನಿಮಿಷ ಹಾಗೇ ಇದ್ದು ಇಳಿಯುತ್ತಿತ್ತು, ಮತ್ತೆ ಏರುತ್ತಿತ್ತು. ಡಿಎನ್‌ಎಸ್ ಬದಲಿಸು ಎಂದರು, ಬದಲಿಸಿದೆ. ಡಿಎನ್‌ಎಸ್ ಕೆಲಸ ಸರ್ವರ್‌ನ ವಿಳಾಸ ಹುಡುಕಿಕೊಡುವುದು. ಆಟ ಶುರುವಾದ ಮೇಲೆ ಅದರ ಪಾತ್ರವೇ ಇಲ್ಲ. ಗೇಮ್ ಬೂಸ್ಟರ್ ಎಂಬ ತಂತ್ರಾಂಶಕ್ಕೆ ಒಂದು ತಿಂಗಳು ದುಡ್ಡು ಕಟ್ಟಿದೆ. ಅದರಿಂದಲೂ ಏನೂ ಆಗಲಿಲ್ಲ. ಪಾಕೆಟ್ ಮನಿ ಉಳಿಸಿ ಆಡುವ ಹುಡುಗರು ಇಂಥದ್ದಕ್ಕೆ ಖರ್ಚು ಮಾಡುವುದು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಉತ್ತರ ಸಿಕ್ಕಿದ್ದು ನೀರು ಕುಡಿಯಲು ಕೆಳಗೆ ಹೋದಾಗ. ಅಮ್ಮನ ಫೋನು ಚಾರ್ಜ್‌ಗೆ ಹಾಕಿತ್ತು. ಮೇಲ್ಗಡೆ ಸಣ್ಣ ಅಕ್ಷರದಲ್ಲಿ ಬ್ಯಾಕಪ್ ಆಗುತ್ತಿದೆ, ಇನ್ನೂ 412 ಉಳಿದಿವೆ ಎಂದಿತ್ತು. ಚಿಕ್ಕಪ್ಪನ ಮಗಳ ನಿಶ್ಚಿತಾರ್ಥದ ಫೋಟೊ, ವಿಡಿಯೊಗಳು. ಅಮ್ಮ ದಿನವಿಡೀ ಅಂಗಡಿಯಲ್ಲಿರುತ್ತಾರೆ, ರಾತ್ರಿ ಮನೆಗೆ ಬಂದ ಮೇಲೆ ಫೋನಿಗೆ ವೈಫೈ ಸಿಗುತ್ತದೆ, ಆಗ ಅಪ್‌ಲೋಡ್ ಶುರು.

ನಡೆಯುತ್ತಿದ್ದದ್ದು ಇಷ್ಟೇ. ಹಿಟ್ಟಿನ ಗಿರಣಿಯಲ್ಲಿ ನಾಲ್ಕು ಮೂಟೆ ಜೋಳ ತಂದವರ ಹಿಂದೆ ಒಂದು ಸೇರು ರಾಗಿ ಹಿಡಿದು ನಿಂತರೆ ಹೇಗಿರುತ್ತದೆ? ನಿಮ್ಮ ಕೆಲಸ ಅರ್ಧ ನಿಮಿಷದ್ದು, ಕಾಯುವುದು ಒಂದು ಗಂಟೆ. ಅಪ್‌ಲೋಡ್ ತುಂಬಿದಾಗ ರೂಟರ್ ಬಂದದ್ದನ್ನೆಲ್ಲ ಸಾಲಲ್ಲಿ ಇಟ್ಟುಕೊಳ್ಳುತ್ತದೆ. ವಿಡಿಯೊದ ಮೂಟೆಗಳ ಹಿಂದೆ ಗೇಮ್‌ನ ಸಣ್ಣ ಸಣ್ಣ ಪ್ಯಾಕೆಟ್ ನಿಂತಿರುತ್ತವೆ. ಇದಕ್ಕೆ ಬಫರ್‌ಬ್ಲೋಟ್ ಎನ್ನುತ್ತಾರೆ. ಸ್ಪೀಡ್ ಟೆಸ್ಟ್ ಓಡಿಸುತ್ತಾ ಪಕ್ಕದಲ್ಲಿ ಪಿಂಗ್ ನೋಡಿ. ಪಿಂಗ್ ಹತ್ತು ಪಟ್ಟು ಏರಿದರೆ ನಿಮ್ಮ ಮನೆಯಲ್ಲೂ ಅದೇ.

ಅಮ್ಮನಿಗೆ ಬ್ಯಾಕಪ್ ನಿಲ್ಲಿಸಿ ಎನ್ನಲು ಮನಸ್ಸಾಗಲಿಲ್ಲ. ಆ ಫೋಟೊಗಳೂ ಬೇಕು. ಸಾಲನ್ನು ಸರಿಮಾಡುವುದೇ ದಾರಿ. ನನ್ನ ಬಳಿ ಇದ್ದ ಒಂದು ಹಳೇ ರೂಟರ್‌ಗೆ ಓಪನ್‌ಡಬ್ಲ್ಯುಆರ್‌ಟಿ ಎಂಬ ಉಚಿತ ತಂತ್ರಾಂಶ ಹಾಕಬಹುದಿತ್ತು. ನಿಮ್ಮ ಮಾಡೆಲ್‌ಗೆ ಆಗುತ್ತದೆಯೇ ಎಂದು ಅವರ ಪಟ್ಟಿಯಲ್ಲಿ ಖಂಡಿತ ನೋಡಿಕೊಳ್ಳಿ, ತಪ್ಪು ಫೈಲ್ ಹಾಕಿದರೆ ರೂಟರ್ ಕೆಟ್ಟುಹೋಗಬಹುದು. ಅದರಲ್ಲಿ ಈ ಸಾಲನ್ನು ನಿಭಾಯಿಸುವ ಎಸ್‌ಕ್ಯೂಎಂ ಎಂಬ ಪ್ಯಾಕೇಜ್ ಹಾಕಿ, ಕೇಕ್ ಎಂಬ ವಿಧಾನ ಆರಿಸಿ, ಅಪ್‌ಲೋಡ್ ಡೌನ್‌ಲೋಡ್ ಎರಡಕ್ಕೂ 40ರ ಬದಲು 36 ಎಂದು ಮಿತಿ ಹಾಕಿದೆ. ಹತ್ತರಲ್ಲಿ ಒಂದು ಪಾಲು ವೇಗ ಬಿಟ್ಟುಕೊಟ್ಟರೆ ಸಾಲು ನಮ್ಮ ರೂಟರ್‌ನ ಕೈಯಲ್ಲೇ ಉಳಿಯುತ್ತದೆ, ಆಗ ಅದು ಒಂದು ಸೇರಿನವರನ್ನು ಮೊದಲು ಬಿಡುತ್ತದೆ. ಒಂದು ಎಚ್ಚರ: ಮನೆಯ ಎಲ್ಲ ಫೋನು, ಟಿವಿ ಈ ರೂಟರ್ ಮೂಲಕವೇ ಹೋಗಬೇಕು. ಅಮ್ಮನ ಫೋನು ನೆಟ್ ಕಂಪನಿ ಕೊಟ್ಟ ಡಬ್ಬಿಯ ವೈಫೈನಲ್ಲೇ ಉಳಿದಿದ್ದರೆ ಏನೂ ಪ್ರಯೋಜನವಿಲ್ಲ. ನಾನು ಆ ಡಬ್ಬಿಯನ್ನು ಬ್ರಿಡ್ಜ್ ಮೋಡ್‌ಗೆ ಹಾಕಿಸಿದೆ, ಅಂದರೆ ಅದು ರೂಟರ್ ಕೆಲಸ ಬಿಟ್ಟು ನೆಟ್ಟನ್ನು ನನ್ನ ರೂಟರ್‌ಗೆ ದಾಟಿಸುತ್ತದೆ ಅಷ್ಟೇ.

ಅಂದು ರಾತ್ರಿ ಫೋನು ಅಪ್‌ಲೋಡ್ ಮಾಡುತ್ತಲೇ ಇತ್ತು. ಪಿಂಗ್ 31, 33, 32. ನಾಲ್ಕು ಮ್ಯಾಚ್ ಆಡಿದೆವು, ಒಂದು ಸಲವೂ ನಿಲ್ಲಲಿಲ್ಲ.

ಈ 30ನ್ನೂ 5ಕ್ಕೆ ಇಳಿಸಬಹುದಾ ಎಂದು ಕೇಳುತ್ತಾರೆ. ಆಗುವುದಿಲ್ಲ. ಫೈಬರ್‌ನಲ್ಲಿ ಬೆಳಕು ಒಂದು ಮಿಲಿಸೆಕೆಂಡಿಗೆ ಸುಮಾರು 200 ಕಿಲೋಮೀಟರ್ ಓಡುತ್ತದೆ. ನಮ್ಮ ಮನೆಯ ಡೇಟಾ ಬೆಂಗಳೂರಿಗೆ ಹೋಗಿ, ಅಲ್ಲಿಂದ ಮುಂಬೈಗೆ ಹೋಗುತ್ತದೆ. ಒಂದು ಕಡೆಗೆ 1200 ಕಿಲೋಮೀಟರ್ ಹಿಡಿದರೂ ಹೋಗಿ ಬರಲು 12 ಮಿಲಿಸೆಕೆಂಡ್ ಬೇಕೇ ಬೇಕು. ನಡುವಿನ ಯಂತ್ರಗಳು ಉಳಿದದ್ದನ್ನು ತಿನ್ನುತ್ತವೆ.

ನಮ್ಮ ಗುಂಪಿನ ಒಬ್ಬ ಈಗ ಸಿಂಗಪುರದಲ್ಲಿ ಕೆಲಸದಲ್ಲಿದ್ದಾನೆ. ಅವನಿಗೂ ನಮಗೂ ನಡುವೆ ಸಮುದ್ರದ ಕೇಬಲ್ ಸೇರಿ ಮೂರೂವರೆ ಸಾವಿರ ಕಿಲೋಮೀಟರಿಗೂ ಜಾಸ್ತಿ. ಅವನು ಮುಂಬೈ ಸರ್ವರ್‌ಗೆ ಬಂದರೆ ಅವನಿಗೆ ಪಿಂಗ್ 70 ದಾಟುತ್ತದೆ, ನಾವು ಸಿಂಗಪುರಕ್ಕೆ ಹೋದರೆ ನಮಗೆ. ಅದಕ್ಕೆ ಯಾವ ರೂಟರೂ ಇಲ್ಲ, ಯಾವ ಕೇಬಲೂ ಇಲ್ಲ. ಹಾಗಾಗಿ ಸರದಿ ಮಾಡಿಕೊಂಡಿದ್ದೇವೆ: ಒಂದು ಶನಿವಾರ ಮುಂಬೈ, ಒಂದು ಶನಿವಾರ ಸಿಂಗಪುರ.